ಪಾಯಿಂಟರ್ ನಾಯಿ ಪಳಗಿಸುವುದು: ಬಯಲುಸೀಮೆಯ ಹೊಲಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೇಟೆ ನಾಯಿ ಅಂದ ಕೂಡಲೇ ಪಾವಗಡ, ಶಿರಾ ಕಡೆಯವರಿಗೆ ನೆನಪಾಗುವುದು ಮೊಲ ಕಂಡರೆ ಬೆನ್ನಟ್ಟಿ ಕೆಡವುವ ನಾಯಿ. ಮುಧೋಳ ಅಂಥದ್ದು: ಕಣ್ಣಲ್ಲಿ ಹಿಡಿದು ಕಾಲಲ್ಲಿ ಗೆಲ್ಲುತ್ತದೆ. ಪಾಯಿಂಟರ್ ಇದಕ್ಕೆ ಪೂರ್ತಿ ಉಲ್ಟಾ. ಅದು ಮೂಗಿನಿಂದ ಹುಡುಕುತ್ತದೆ. ಹುಲ್ಲಿನಲ್ಲಿ ಕೂತ ಹಕ್ಕಿಯ ವಾಸನೆ ಸಿಕ್ಕ ಕೂಡಲೇ ನಿಂತುಬಿಡುತ್ತದೆ. ಮೈ ಬಿಗಿ, ಮೂಗು ಹಕ್ಕಿಯ ದಿಕ್ಕಿಗೆ, ಬಾಲ ನೆಟ್ಟಗೆ, ಕೆಲವೊಮ್ಮೆ ಮುಂಗಾಲೊಂದು ಮಡಚಿರುತ್ತದೆ. ಯಜಮಾನ ಬರುವವರೆಗೂ ಹಾಗೇ ಇರಬೇಕು. ಎಗರುವ ಮುಂಚೆ ಒಂದು ಗಳಿಗೆ ತಡೆಯುವುದು ಬೇಟೆಯಾಡುವ ಪ್ರಾಣಿಗಳ ಸಹಜ ಗುಣ. ಯುರೋಪಿನ ತಳಿಗಾರರು ಆ ತಡೆಯನ್ನೇ ಆರಿಸಿ ಆರಿಸಿ ನಿಮಿಷಗಟ್ಟಲೆ ಹಿಗ್ಗಿಸಿದರು. ಹಾಗಾಗಿ ನಿಲ್ಲುವುದು ಮರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಕೆಲಸ ಅದನ್ನು ಕೆಡಿಸದೆ ಗಟ್ಟಿ ಮಾಡುವುದು.

ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ ಈ ನಾಯಿಯ ಕೆಲಸ ಹೀಗೆ ಸಾಗುತ್ತದೆ. ಸ್ಕಾಟ್ಲೆಂಡಿನ ಗ್ರೌಸ್ ಹಕ್ಕಿಯ ಬಯಲಿರಲಿ, ಅಮೆರಿಕದ ಕ್ವೇಲ್ ಹಕ್ಕಿಯ ಹೊಲವಿರಲಿ, ನಾಯಿ ಬೇಟೆಗಾರನ ಮುಂದೆ ಎಡಕ್ಕೂ ಬಲಕ್ಕೂ ಹಾವಿನ ಹಾದಿಯಲ್ಲಿ ಓಡುತ್ತಾ ಗಾಳಿ ಜಾಲಾಡುತ್ತದೆ. ನಿಂತಾಗ ಬೇಟೆಗಾರ ನಡೆದು ಬಂದು ತಾನೇ ಹಕ್ಕಿ ಎಬ್ಬಿಸುತ್ತಾನೆ. ಹಕ್ಕಿ ಹಾರಿದರೂ ಗುಂಡು ಹಾರಿದರೂ ನಾಯಿ ಕದಲಬಾರದು. ಕೋವಿ ಬಳಕೆಗೆ ಬರುವ ಮೊದಲು ಹೀಗೆ ನಿಂತ ಅಥವಾ ತಗ್ಗಿ ಕೂತ ನಾಯಿಯ ಮೇಲೆಯೇ ಬಲೆ ಎಳೆದು ಹಕ್ಕಿ ಹಿಡಿಯುತ್ತಿದ್ದರು. ಸೆಟರ್ ತಳಿಗಳಿಗೆ ತಗ್ಗುವ ಅಭ್ಯಾಸ ಬಂದದ್ದು ಆ ಕಾಲದಿಂದ.

ಮೊದಲು ಕಾನೂನು

ನಮ್ಮಲ್ಲಿ ಆ ಕೊನೆಯ ಹಂತ ಇಲ್ಲವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಕಾಯ್ದೆಯ ಲೆಕ್ಕದಲ್ಲಿ ಕೊಲ್ಲುವುದೊಂದೇ ಬೇಟೆಯಲ್ಲ. ಹಿಡಿಯುವುದು, ಉರುಳು ಹಾಕುವುದು, ನಾಯಿ ಬಿಟ್ಟು ಅಟ್ಟಿಸುವುದು, ಎಬ್ಬಿಸಿ ಓಡಿಸುವುದು, ಇವುಗಳ ಪ್ರಯತ್ನವೂ ಬೇಟೆಯೇ. ಗೌಜಲಹಕ್ಕಿ, ಮೊಲ ಎಲ್ಲಕ್ಕೂ ರಕ್ಷಣೆಯಿದೆ. ನವಿಲು, ಕೃಷ್ಣಮೃಗ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಮೊದಲ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೇ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು. ಮೊದಲ ಅನುಸೂಚಿಯ ಪ್ರಾಣಿಯಾದರೆ ಶಿಕ್ಷೆ ಇನ್ನೂ ಹೆಚ್ಚು.

ಅಂದಮೇಲೆ ಕಾಡುಹಕ್ಕಿಯ ಮೇಲೆ ಅಭ್ಯಾಸ ಬೇಡವೇ ಬೇಡ. ಸ್ವಂತ ಹೊಲ ಅಥವಾ ಮಾಲೀಕರ ಒಪ್ಪಿಗೆ ಪಡೆದ ಹೊಲ, ಸಾಕಿದ ಪಾರಿವಾಳ, ಇಷ್ಟರಲ್ಲೇ ಪೂರ್ತಿ ತರಬೇತಿ ಮುಗಿಸಬಹುದು. ಪಾಳುಬಾವಿಯಲ್ಲಿ ಗೂಡು ಕಟ್ಟಿದ ಪಾರಿವಾಳ ಹಿಡಿದು ತರಬೇಡಿ. ಬಿಟ್ಟ ಪಾರಿವಾಳಕ್ಕೆ ಗುಂಡು ಹೊಡೆಯುವ ಪಂದ್ಯ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ, ಬುಕ್ಕಾಪಟ್ಟಣದ ಚಿಂಕಾರ ಧಾಮ, ದೇವರಾಯನದುರ್ಗದ ಕಾಡು ಇವುಗಳ ಅಂಚಿನಲ್ಲೂ ನಾಯಿ ಬಿಚ್ಚಬೇಡಿ. ಅಲ್ಲಿ ಜಿಂಕೆಗೆ ನಾಯಿಯ ಭಯವಾದರೆ, ನಾಯಿಗೆ ಚಿರತೆಯ ಭಯ.

ಯಾವ ತಳಿ

ನಮ್ಮ ಬಿಸಿಲಿಗೆ ಮೊದಲ ಆಯ್ಕೆ ಇಂಗ್ಲಿಷ್ ಪಾಯಿಂಟರ್. ಕೂದಲು ಗಿಡ್ಡ, ಮೈ ತೆಳು, ಎತ್ತರ 61ರಿಂದ 69 ಸೆಂ.ಮೀ. ಕೈಗೆ ಸಿಗದಷ್ಟು ದೂರ ಓಡುವುದೇ ಇದರ ತೊಂದರೆ. ಎರಡೆಕರೆ ಹೊಲ, ನಾಲ್ಕು ಕಡೆ ಬೇರೆಯವರ ಬೆಳೆ ಇರುವ ಜಾಗದಲ್ಲಿ ಇದು ತಲೆನೋವು. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಸಾಮಾನ್ಯವಾಗಿ ಹತ್ತಿರದಲ್ಲೇ ಕೆಲಸ ಮಾಡುತ್ತದೆ, ನೀರಿಗೂ ಇಳಿಯುತ್ತದೆ, ಎಸೆದದ್ದನ್ನು ತಂದುಕೊಡುತ್ತದೆ. ಸಣ್ಣ ಹಿಡುವಳಿಯವರಿಗೆ ಇದೇ ಒಳ್ಳೆಯದು. ವೈಮರನರ್ ಚಂದದ ನಾಯಿ. ಆದರೆ ಒಂಟಿ ಬಿಟ್ಟರೆ ಬಾಗಿಲು ಕೊರೆಯುವ ಸ್ವಭಾವ. ವಿಜ್ಲಾ ಮೃದು ಮನಸ್ಸಿನದು, ಗದರಿದರೆ ಮುದುಡುತ್ತದೆ. ಐರಿಷ್, ಇಂಗ್ಲಿಷ್, ಗಾರ್ಡನ್ ಸೆಟರ್‌ಗಳ ಉದ್ದ ಕೂದಲಿಗೆ ಇಲ್ಲಿನ ಮುಳ್ಳು ಬೀಜಗಳೆಲ್ಲ ಅಂಟುತ್ತವೆ. ವಾರಕ್ಕೆ ಒಂದು ದಿನ ಬಾಚಣಿಗೆಗೇ ಮೀಸಲು. ಒರಟು ಕೂದಲಿನ ವೈರ್‌ಹೇರ್ಡ್ ತಣ್ಣನೆ ನೀರು, ಚಳಿ ಇರುವ ಸೀಮೆಗೆ ಸರಿ.

ಪಾಯಿಂಟರ್ ಎಂದು ಹೇಳಿ ಡಾಲ್ಮೇಷಿಯನ್ ಬೆರಕೆ ಮಾರುವುದುಂಟು. ಮರಿಯ ಚುಕ್ಕೆ ನೋಡಿ ಮರುಳಾಗಬೇಡಿ, ತಾಯಿಯನ್ನು ತೋರಿಸಲು ಕೇಳಿ. ತಂದೆಯೋ ತಾಯಿಯೋ ಹಕ್ಕಿಗೆ ನಿಂತದ್ದು ಕಂಡಿದ್ದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಇಲ್ಲ. 8 ವಾರ ತುಂಬದ ಮರಿ ತರಬೇಡಿ. ಪ್ರದರ್ಶನಕ್ಕೆಂದೇ ಬೆಳೆಸಿದ ಸಾಲಿನಲ್ಲಿ ಮೂಗು, ಹುರುಪು ಎರಡೂ ಮಂಕಾಗಿರುವುದು ಸಾಮಾನ್ಯ. ಬಾಲ ಕತ್ತರಿಸಿದ ಮರಿಯೇ ಬೇಕೆಂಬ ಹಟ ಬೇಡ. ನಿಲುವಿಗೆ ಅದರಿಂದ ಲಾಭವಿಲ್ಲ.

ಮಾರಾಟಗಾರರು ಕೋಲಿಗೆ ದಾರ ಕಟ್ಟಿ ರೆಕ್ಕೆ ತೂಗಿ, ಮರಿ ನಿಲ್ಲುವುದನ್ನು ತೋರಿಸುತ್ತಾರೆ. ಆ ಪ್ರಯೋಗಕ್ಕೆ ಅರ್ಥ ಕಡಿಮೆ, ಅಲ್ಲಿ ಮರಿ ನಿಲ್ಲುವುದು ಕಣ್ಣಿಗೆ ಕಂಡದ್ದಕ್ಕೆ. ಮನೆಯಲ್ಲೂ ಒಂದೆರಡು ಸಲಕ್ಕೆ ಆ ಆಟ ಮುಗಿಸಿ. ಅತಿಯಾದರೆ ಕಣ್ಣಿನ ಚಟ ಹತ್ತಿ, ಓತಿಕ್ಯಾತಕ್ಕೂ ಚಿಟ್ಟೆಗೂ ನಿಲ್ಲುವ ನಾಯಿ ತಯಾರಾಗುತ್ತದೆ.

ಊಟ, ಲಸಿಕೆ

ಮುದ್ದೆ ಹಾಕಿ ಸಾಕಬಹುದೇ ಎಂಬುದು ಈ ಜಿಲ್ಲೆಗಳಲ್ಲಿ ಮೊದಲು ಬರುವ ಪ್ರಶ್ನೆ. ಹೊಟ್ಟೆ ತುಂಬುತ್ತದೆ, ಮಾಂಸಖಂಡ ಬೆಳೆಯುವುದಿಲ್ಲ. ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಶೇಕಡಾ ಮಾತ್ರ. ಓಡುವ ನಾಯಿಗೆ ಒಣ ಆಹಾರದ ಲೆಕ್ಕದಲ್ಲಿ 25 ಶೇಕಡಾ ಬೇಕು. ಮುದ್ದೆಯ ಜೊತೆ ಬೇಯಿಸಿದ ಕೋಳಿ, ಮೊಟ್ಟೆ, ಸ್ವಲ್ಪ ಮೊಸರು ಸೇರಿಸಿ. ಮರಿಗಾದರೆ ಒಳ್ಳೆಯ ಪಪ್ಪಿ ಫೀಡ್ ಇರಲಿ, ಬರೀ ಮಾಂಸ ಹಾಕಿದರೆ ಕ್ಯಾಲ್ಸಿಯಂ ಸಾಲದೆ ಕಾಲು ಸೊಟ್ಟಗಾಗುತ್ತದೆ. ಬಸ್ಸಾರು, ಮಸ್ಸೊಪ್ಪು ಕಲಸಿ ಹಾಕಬೇಡಿ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಚಿಕ್ಕಬಳ್ಳಾಪುರ, ಕೋಲಾರದ ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣು ಮೂತ್ರಪಿಂಡಕ್ಕೆ ವಿಷ, ಒಣದ್ರಾಕ್ಷಿಯೂ ಅಷ್ಟೇ. ಶ್ರೀನಿವಾಸಪುರ ಕಡೆ ಮಾವಿನ ಕಾಲದಲ್ಲಿ ಓಟೆ ನುಂಗಿ ಕರುಳು ಕಟ್ಟಿಕೊಂಡು ಆಪರೇಷನ್ ಆಗುವ ನಾಯಿಗಳಿವೆ.

ಎದೆ ಆಳವಾದ ನಾಯಿಗಳಿಗೆ ಹೊಟ್ಟೆಯುಬ್ಬರ ಬಂದು ಜಠರ ತಿರುಚಿಕೊಳ್ಳುವ ಅಪಾಯವಿದೆ. ದೊಡ್ಡ ಊಟ ಸಂಜೆಗೆ ಇಡಿ. ಓಟಕ್ಕೆ ಮೊದಲು ತುಂಬು ಊಟ ಬೇಡ, ಓಟ ಮುಗಿದು ಏದುಸಿರು ತಣಿದು ಕನಿಷ್ಠ ಒಂದು ಗಂಟೆ ಆಗಲಿ. ಹೊಟ್ಟೆ ಉಬ್ಬಿ, ವಾಂತಿಗೆ ಎಳೆದರೂ ಏನೂ ಬಾರದಿದ್ದರೆ ಕಾಯುವಂತಿಲ್ಲ, ಆಗಲೇ ಆಸ್ಪತ್ರೆಗೆ.

ಲಸಿಕೆ 6ರಿಂದ 8 ವಾರಕ್ಕೆ ಶುರು, 16 ವಾರದವರೆಗೆ ಬೂಸ್ಟರ್‌ಗಳು, 12 ವಾರದ ನಂತರ ರೇಬೀಸ್. ಕೆರೆ ಅಂಗಳ, ಗದ್ದೆ ಸುತ್ತುವ ನಾಯಿಗೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆ ತಪ್ಪಿಸಬೇಡಿ. ಲಸಿಕೆ ಪೂರ್ತಿಯಾಗುವ ಮುಂಚೆ ಬೀದಿನಾಯಿ ಓಡಾಡುವ ಜಾಗಕ್ಕೆ ಬಿಡಬಾರದು, ಪಾರ್ವೊ ಎಂಬ ವೈರಸ್ ರೋಗ ಹೊಡೆದರೆ ಉಳಿಯುವುದು ಕಷ್ಟ.

ಮೊದಲ ನಾಲ್ಕು ತಿಂಗಳು

ಈಗ ಕಲಿಸಬೇಕಾದ್ದು ಮೂರೇ: ಹೆಸರು, ಸೀಟಿಗೆ ಬರುವುದು, ಊರಿನ ಜೀವಗಳ ಜೊತೆ ಸುಮ್ಮನಿರುವುದು. ಸೀಟಿಯ ಭಾಷೆ ಮೊದಲೇ ನಿರ್ಧರಿಸಿ: ಎರಡು ಚಿಕ್ಕ ಊದು ಅಂದರೆ ಬಾ, ಒಂದು ಉದ್ದ ಅಂದರೆ ನಿಲ್ಲು. ಊಟದ ತಟ್ಟೆ ಕೆಳಗಿಡುವಾಗ ಪ್ರತಿ ಸಲ ಎರಡು ಊದು. ಒಂದೆರಡು ವಾರದಲ್ಲಿ ಮನೆ ಮೂಲೆಯಿಂದ ಓಡಿ ಬರುತ್ತದೆ. ಕರೆದು ಹೊಡೆಯುವ ಒಂದೇ ಒಂದು ತಪ್ಪು ಇಷ್ಟನ್ನೂ ಅಳಿಸಿಹಾಕುತ್ತದೆ.

ನಾಟಿ ಕೋಳಿ, ಕುರಿ ಮಂದೆ, ಹಸು ಇವುಗಳ ಪಕ್ಕ ಹಗ್ಗ ಹಿಡಿದು ನಡೆಸಿ; ನೋಡಿಯೂ ಬಿಟ್ಟುಬಿಟ್ಟರೆ ತಿನಿಸು ಕೊಡಿ. ಕುರಿಗಾಹಿಯ ಮಂದೆ ಚದುರಿಸಿದ ನಾಯಿಗೆ ಮುಂದಿನ ಸಲ ಕೊಡಲಿಯ ಕಾವೇ ಸಿಗುವುದು, ಅವನ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ. ದೀಪಾವಳಿಯ ಪಟಾಕಿ ಹತ್ತಿರದಲ್ಲಿ ಸಿಡಿದರೆ ಸದ್ದಿನ ಭಯ ಮನಸ್ಸಿಗೆ ಹೊಕ್ಕು ಎಷ್ಟೋ ವರ್ಷ ಉಳಿಯುತ್ತದೆ. ಆ ಮೂರು ದಿನ ಮರಿಯನ್ನು ಒಳಗಿನ ಕೋಣೆಯಲ್ಲಿಡಿ. ಸದ್ದಿಗೆ ರೂಢಿ ಮಾಡಿಸುವುದಾದರೆ ಅದು ಉಣ್ಣುವಾಗ 30 ಮೀಟರ್ ಆಚೆ ತಟ್ಟೆ ಬಡಿಯಿರಿ. ಕಿವಿ ಎತ್ತಿ ಮತ್ತೆ ತಿನ್ನತೊಡಗಿದರೆ ಮಾತ್ರ ಮರುದಿನ ಸ್ವಲ್ಪ ಹತ್ತಿರ ಬನ್ನಿ.

ಹಗ್ಗ ಮತ್ತು "ನಿಲ್ಲು"

ಐದಾರು ತಿಂಗಳಿಗೆ ಉದ್ದ ಹಗ್ಗ ಹಾಕಿ: 8ರಿಂದ 10 ಮೀಟರ್, 10 ಮಿ.ಮೀ. ದಪ್ಪ, ಸ್ವಲ್ಪ ಗಡಸು. ಮೆತ್ತನೆ ಹಗ್ಗ ಬಳ್ಳಾರಿ ಜಾಲಿಯ ಬುಡಕ್ಕೆಲ್ಲ ಸುತ್ತಿಕೊಳ್ಳುತ್ತದೆ. ತುದಿಗೆ ಗಂಟು ಹಾಕಬೇಡಿ, ಪೊದೆಗೆ ಸಿಕ್ಕಿ ನಾಯಿಯ ಕತ್ತಿಗೆ ಎಳೆತ ಬೀಳುತ್ತದೆ. ನೈಲಾನ್ ಹಗ್ಗವಾದರೆ ಕೈಗೆ ಕೈಗವಸು ಬೇಕೇ ಬೇಕು, ಇಲ್ಲದಿದ್ದರೆ ಅಂಗೈ ಸುಡುತ್ತದೆ.

ನಿಲ್ಲಿಸುವ ಪಾಠಕ್ಕೆ ಒಂದು ಹಲಗೆ ಮಾಡಿಸಿ: 120 ಸೆಂ.ಮೀ. ಉದ್ದ, 60 ಅಗಲ, ನೆಲದಿಂದ 30 ಎತ್ತರ, ಮೇಲೆ ಗೋಣಿ ಹೊದಿಸಿ ಜಾರದಂತೆ ಮೊಳೆ ಹೊಡೆಯಿರಿ. ಎತ್ತರಕ್ಕೆ ಕಾರಣವಿದೆ: ಕಾಲಿಟ್ಟ ಅಂಚು ನಾಯಿಗೂ ಗೊತ್ತಾಗುತ್ತದೆ, ಇಳಿದರೆ ತಪ್ಪು ನಿಮಗೂ ಸ್ಪಷ್ಟ. ಹಲಗೆ ಮೇಲೆ ನಿಲ್ಲಿಸಿ ಮೆಲ್ಲನೆ "ನಿಲ್ಲು" ಅನ್ನಿ, ಒಂದು ಕೈ ಎದೆಯ ಮುಂದೆ, ಇನ್ನೊಂದು ಹೊಟ್ಟೆಯ ಕೆಳಗೆ. 5 ಸೆಕೆಂಡು ಆದ ಮೇಲೆ ಬೆನ್ನು ಸವರಿ ಕೆಳಗಿಳಿಸಿ. ಇಳಿಸಿದ ಮೇಲೆ ಹೊಗಳಬೇಡಿ, ನಿಂತಿರುವಾಗಲೇ ಹೊಗಳಿ. ದಿನಕ್ಕೆ ಎರಡು ಸಲ, ಒಂದೊಂದು 5 ನಿಮಿಷ ಸಾಕು. 10 ಸೆಕೆಂಡು, 30, ಒಂದು ನಿಮಿಷ ಹೀಗೆ ಏರಿಸಿ. ನಂತರ ನೀವು ಎರಡು ಹೆಜ್ಜೆ ದೂರ ಸರಿಯಿರಿ, ಸುತ್ತು ಹಾಕಿ, ಚೆಂಡು ಉರುಳಿಸಿ. ಇಳಿದರೆ ಬೈಯದೆ ಎತ್ತಿ ಮೊದಲು ನಿಂತಿದ್ದ ಜಾಗದಲ್ಲೇ ಇಡಿ. ಹಲಗೆಯಲ್ಲಿ ಗಟ್ಟಿಯಾದ ಮೇಲೆ ಮನೆಯಂಗಳ, ಆಮೇಲೆ ಹೊಲದ ಬದು, ಕೊನೆಗೆ ಬಯಲು. ಮೂರನ್ನೂ ಒಂದೇ ವಾರಕ್ಕೆ ತುರುಕಿದರೆ ನಾಯಿ ಮಾತು ಮರೆಯುತ್ತದೆ, ಇಲ್ಲವೇ ಬಗ್ಗಿ ಕೂರುವ ಅಭ್ಯಾಸ ಹತ್ತುತ್ತದೆ. ಕೂರುವುದು ಹೆದರಿಕೆಯ ಗುರುತು, ಅಲ್ಲಿಗೆ ನಿಲ್ಲಿಸಿ ಹಿಂದಿನ ಹಂತಕ್ಕೆ ಬನ್ನಿ.

ಜೊತೆಗೇ ಹುಡುಕಾಟದ ನಡಿಗೆ. ಗಾಳಿಗೆ ಎದುರಾಗಿ ನೀವೇ ಹಾವಿನಂತೆ ಎಡಕ್ಕೆ 20 ಹೆಜ್ಜೆ, ಬಲಕ್ಕೆ 20 ಹೆಜ್ಜೆ ಹಾಕಿ. ಹಗ್ಗ ಬಿಟ್ಟ ನಾಯಿ ನಿಮ್ಮ ಮುಂದೆ ಅದೇ ಹಾದಿ ಹಿಡಿಯುತ್ತದೆ. ತಿರುವಿನಲ್ಲಿ ಒಂದು ಚಿಕ್ಕ ಸೀಟಿ. ಗಾಳಿಯ ಬೆನ್ನಿಗೆ ನಡೆಸಿದರೆ ನಾಯಿಗೆ ವಾಸನೆ ಸಿಗುವ ಹೊತ್ತಿಗೆ ಹಕ್ಕಿಯ ಮೇಲೇ ಕಾಲಿಟ್ಟಿರುತ್ತದೆ. ಒಣ ಮಣ್ಣು ಚಿಟಿಕೆಯಷ್ಟು ಮೇಲಕ್ಕೆ ತೂರಿ ನೋಡಿ, ಗಾಳಿಯ ದಿಕ್ಕು ತಿಳಿಯುತ್ತದೆ.

ಮಂಕರಿಯ ಪಾಠ

ಕಾಲ ಯಾವುದು? ರಾಗಿ ಕುಯ್ದು ಕೂಳೆ ಉಳಿದ ಹೊಲ, ಡಿಸೆಂಬರ್‌ನಿಂದ ಫೆಬ್ರವರಿ, ಸೂರ್ಯ ಹುಟ್ಟಿದ ಮೇಲೆ, ಬೆಳಿಗ್ಗೆ ಎಂಟರೊಳಗೆ. ಇಬ್ಬನಿಯ ತೇವ, ಮಂದ ಗಾಳಿ, ಎರಡೂ ಇದ್ದಾಗ ವಾಸನೆ ನೆಲದ ಹತ್ತಿರ ಹರಡಿ ಉಳಿಯುತ್ತದೆ. ಗಾಳಿ ಪೂರ್ತಿ ನಿಂತಿದ್ದರೂ ಕಷ್ಟ, ಬಿರುಸಾಗಿದ್ದರೂ ಕಷ್ಟ. ಮಾರ್ಚ್ ನಂತರ ಒಣನೆಲದಲ್ಲಿ ಒಳ್ಳೆಯ ನಾಯಿಯೂ ಹಕ್ಕಿ ದಾಟಿ ಹೋಗುತ್ತದೆ. ಆಗ ನಾಯಿಯನ್ನು ಬೈದು ಪ್ರಯೋಜನವಿಲ್ಲ. ಬೇಸಿಗೆಯಿಂದ ಮಳೆಗಾಲದವರೆಗೆ ಗೌಜಲಹಕ್ಕಿಗೆ ಮೊಟ್ಟೆಯ ಕಾಲ, ನಾಯಿ ಬಿಡದಿರಲು ಅದು ಇನ್ನೊಂದು ಕಾರಣ.

ಪಾರಿವಾಳಗಳು ನಿಮ್ಮ ಗೂಡಿಗೇ ಮರಳುವಂಥವಾಗಿರಬೇಕು. ತಂದ ಹಕ್ಕಿಗಳನ್ನು ನಾಲ್ಕೈದು ವಾರ ಗೂಡಲ್ಲೇ ಉಳಿಸಿ, ಆಮೇಲೆ ಅರ್ಧ ಕಿಲೋಮೀಟರ್, ಒಂದು ಕಿಲೋಮೀಟರ್ ದೂರದಿಂದ ಬಿಟ್ಟು ಮನೆ ಸೇರುವುದನ್ನು ಖಚಿತಪಡಿಸಿಕೊಳ್ಳಿ. ಸಂಜೆ ಬಿಟ್ಟರೆ ಕತ್ತಲಲ್ಲಿ ದಾರಿ ತಪ್ಪುತ್ತವೆ. ಆಕಾಶದಲ್ಲಿ ಡೇಗೆ ಸುತ್ತುತ್ತಿದ್ದರೆ ಆ ದಿನದ ಪಾಠ ರದ್ದು.

ಸಲಕರಣೆ ಸರಳ. 60 ಸೆಂ.ಮೀ. ಬಾಯಿಯ ಬಿದಿರು ಮಂಕರಿ ಬೋರಲು ಹಾಕಿ, ಒಳಗೊಂದು ಪಾರಿವಾಳ ಇಡಿ. ಅಂಚಿಗೆ 15 ಮೀಟರ್ ದಾರ ಕಟ್ಟಿ, ಅದನ್ನು ನೆಲಕ್ಕೆ ಹೂತ ಒಂದು ಗೂಟದ ಕವೆ ಮೇಲೆ ಹಾಯಿಸಿ ಎಳೆದರೆ ಮಂಕರಿ ಮಗುಚಿ ಹಕ್ಕಿ ಹಾರಬೇಕು. ಎರಡು ಮೂರು ಸಲ ನಾಯಿ ಇಲ್ಲದೇ ಎಳೆದು ನೋಡಿ. ಸಿಕ್ಕಿಕೊಂಡರೆ ಪಾಠ ಕೆಟ್ಟಂತೆ. ಮೇಲೆ ಒಣಹುಲ್ಲು ಚೆಲ್ಲಿ ಮರೆಮಾಡಿ. ಹಕ್ಕಿ ಇಡುವಾಗ ಕೈಗವಸು ಹಾಕಿ, ಬಂದ ದಾರಿಯಲ್ಲೇ ವಾಪಸ್ ಹೋಗಿ. ಇಲ್ಲದಿದ್ದರೆ ನಾಯಿ ನಿಮ್ಮ ಹೆಜ್ಜೆ ಜಾಡು ಹಿಡಿದು ನೇರ ಮಂಕರಿಗೆ ಹೋಗುತ್ತದೆ. ಪ್ರತಿ ಸಲ ಜಾಗ ಬದಲಿಸಿ. ಒಂದೇ ಮೂಲೆಗೆ ಇಟ್ಟರೆ ಮೂರನೇ ಸಲಕ್ಕೆ ನಾಯಿ ವಾಸನೆ ಬಿಟ್ಟು ನೆನಪಿನಿಂದಲೇ ನಿಲ್ಲುತ್ತದೆ.

ನಾಯಿಯನ್ನು ಹಗ್ಗದಲ್ಲಿ, ಗಾಳಿ ಮಂಕರಿಯಿಂದ ಅದರತ್ತ ಅಡ್ಡವಾಗಿ ಬೀಸುವಂತೆ, 20 ಮೀಟರ್ ದೂರದಲ್ಲಿ ಸುತ್ತಾಡಿಸಿ. ತಲೆ ಥಟ್ಟನೆ ತಿರುಗಿದರೆ ವಾಸನೆ ಸಿಕ್ಕಿತು. ಈಗ ಬಾಯಿ ಮುಚ್ಚಿ. ಹಗ್ಗ ಎಳೆಯಬೇಡಿ, "ನಿಲ್ಲು" ಅನ್ನಬೇಡಿ. ಇದು ನಾಯಿ ಮತ್ತು ಹಕ್ಕಿಯ ನಡುವಿನ ಮಾತು. ನಡುವೆ ನೀವು ಬಾಯಿ ಹಾಕಿದರೆ ನಾಯಿ ಹಕ್ಕಿಯನ್ನು ಬಿಟ್ಟು ನಿಮ್ಮ ಮುಖ ನೋಡಲು ಕಲಿಯುತ್ತದೆ. ನಿಂತರೆ ಐದಾರು ಸೆಕೆಂಡು ಕಾಯಿರಿ, ಪಕ್ಕದಿಂದ, ನಾಯಿಯ ಕಣ್ಣಿಗೆ ಕಾಣುವಂತೆ, ಮುಂದಕ್ಕೆ ನಡೆಯಿರಿ. ಹಿಂದಿನಿಂದ ಬಂದರೆ ನೂಕಿದಂತಾಗಿ ಮುಂದೆ ಹೆಜ್ಜೆ ಇಡುತ್ತದೆ. ನೆಲ ಕಾಲಿನಿಂದ ಕೆದಕಿ, ದಾರ ಎಳೆಯಿರಿ. ಹಕ್ಕಿ ಹಾರುತ್ತದೆ, ನಾಯಿ ನಿಂತೇ ನೋಡುತ್ತದೆ. ಮೊದಲ ದಿನಗಳಲ್ಲಿ ಎರಡು ಹೆಜ್ಜೆ ಬೆನ್ನಟ್ಟಿದರೂ ಹಗ್ಗದಲ್ಲಿ ಮೆತ್ತಗೆ ತಡೆದು ಮೊದಲು ನಿಂತ ಜಾಗಕ್ಕೆ ಕರೆತಂದು ನಿಲ್ಲಿಸಿದರೆ ಸಾಕು.

ನಿಲ್ಲದೆ ಮುಂದೆ ತೆವಳಿದರೆ? ತಕ್ಷಣ ದಾರ ಎಳೆದುಬಿಡಿ. ನಾಯಿಗೆ ತಿಳಿಯುವುದಿಷ್ಟೇ: ನುಗ್ಗಿದರೆ ಹಕ್ಕಿ ಹೋಗುತ್ತದೆ, ನಿಂತರೆ ಉಳಿಯುತ್ತದೆ. ಇದನ್ನು ಹಕ್ಕಿಯೇ ಕಲಿಸಲಿ, ನಿಮ್ಮ ಕೈ ಕಲಿಸುವುದು ಬೇಡ. ಒಂದೇ ಒಂದು ಸಲವೂ ಹಕ್ಕಿ ನಾಯಿಯ ಬಾಯಿಗೆ ಸಿಗಬಾರದು. ಸಿಕ್ಕರೆ ವಾರಗಳ ಕೆಲಸ ಒಂದು ಕ್ಷಣಕ್ಕೆ ಹೋಯಿತು, ಹಕ್ಕಿಯ ಪ್ರಾಣವೂ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಮೂರು ಹಕ್ಕಿ ಸಾಕು. ಇನ್ನೂ ಒಂದು ಬೇಕು ಅನ್ನಿಸಿದಾಗಲೇ ಮುಗಿಸಿ.

ಎರಡು ನಾಯಿ ಇದ್ದವರು ಕೊನೆಗೆ ಇದನ್ನೂ ಕಲಿಸಬೇಕು: ಮುಂದಿನ ನಾಯಿ ನಿಂತದ್ದು ಕಂಡರೆ ಹಿಂದಿನದು ವಾಸನೆ ಸಿಗದಿದ್ದರೂ ನಿಲ್ಲಬೇಕು. ಎರಡನೇ ನಾಯಿ ಇಲ್ಲದಿದ್ದರೆ ಪ್ಲೈವುಡ್ಡಿನಲ್ಲಿ ನಾಯಿಯ ಆಕಾರ ಕತ್ತರಿಸಿ ಬಿಳಿ-ಕಂದು ಬಣ್ಣ ಬಳಿದು, ದಾರ ಎಳೆದಾಗ ಹುಲ್ಲಿನಿಂದ ಮೇಲೇಳುವಂತೆ ಮಾಡಿ.

ಏನೇನು ಕೆಡುತ್ತದೆ

ಹಕ್ಕಿ ಇಲ್ಲದ ಕಡೆ ನಿಲ್ಲುವುದು ಹಳೆಯ ವಾಸನೆಯಿಂದ ಅಥವಾ ಬೇಜಾರಿನಿಂದ. ಆಗ ಹೊಗಳದೆ, ಬೈಯದೆ ಮುಂದೆ ನಡೆದುಬಿಡಿ. ಹೊಗಳಿದಿರೋ, ಪ್ರತಿ ಬದುವಿಗೂ ನಿಲ್ಲುತ್ತದೆ. ನಿಂತಾಗ ಬಾಲ ಅಲ್ಲಾಡಿಸಿದರೆ ಆತ್ಮವಿಶ್ವಾಸ ಕಡಿಮೆ, ಅಥವಾ ಒಂದೇ ಹಕ್ಕಿ ಸಾಕೆನ್ನುವಷ್ಟು ನೋಡಿ ರುಚಿ ಹೋಗಿದೆ. ಎರಡು ವಾರ ಬಿಡುವು ಕೊಡಿ.

ಎಲ್ಲಕ್ಕಿಂತ ಕೆಟ್ಟದ್ದು ಹಕ್ಕಿಯ ವಾಸನೆ ಸಿಕ್ಕರೂ ಕಣ್ಣು ತಪ್ಪಿಸಿ ಪಕ್ಕಕ್ಕೆ ಹೋಗುವುದು. ಹಕ್ಕಿಯ ಹತ್ತಿರ ಏಟು ತಿಂದ ನಾಯಿಯ ರೋಗವಿದು. ಕರೆಂಟ್ ಕಾಲರ್ ಹಾಕಿ ಅವಸರ ಮಾಡುವವರ ನಾಯಿಗಳಲ್ಲಿ ಬೇಗ ಬರುತ್ತದೆ. ನೋವನ್ನು ಅದು ನಿಮಗಲ್ಲ, ಹಕ್ಕಿಗೆ ಹೊಂದಿಸಿಕೊಳ್ಳುತ್ತದೆ. ಕಾಲರ್ ಬಿಸಾಡಿ, ಪಾರಿವಾಳವನ್ನು ಬಲೆಯ ಗೂಡಿನಲ್ಲಿ ದೂರದಿಂದ ಸುಮ್ಮನೆ ತೋರಿಸುತ್ತಾ ತಿಂಗಳುಗಟ್ಟಲೆ ತಾಳ್ಮೆಯಿಂದ ಹಿಂದಿನ ಆಸಕ್ತಿ ಮರಳಿಸಬೇಕು. ಕೆಲವು ನಾಯಿಗೆ ಮರಳುವುದೇ ಇಲ್ಲ.

ಬಿಸಿಲು, ಉಣ್ಣಿ, ಮುಳ್ಳು, ಹಾವು

ನಾಯಿಯ ಸಹಜ ಮೈಶಾಖ 38ರಿಂದ 39.2 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ನಾಲಿಗೆ ಅಗಲವಾಗಿ ಗಾಢ ಕೆಂಪಾಗುವುದು, ಏದುಸಿರು ನಿಲ್ಲದಿರುವುದು, ಹೆಜ್ಜೆ ತೂರಾಡುವುದು ಎಚ್ಚರಿಕೆ. ನೆರಳಿಗೆ ತಂದು ಮೈಯೆಲ್ಲ ತಣ್ಣೀರು ಸುರಿದು, ಬೀಸಣಿಗೆ ಹಾಕಿ, ಥರ್ಮಾಮೀಟರಿನಲ್ಲಿ 39.5ಕ್ಕೆ ಇಳಿದರೆ ನೀರು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ. ಸುಧಾರಿಸಿದಂತೆ ಕಂಡರೂ ಒಳಗಿನ ಅಂಗಗಳಿಗೆ ಪೆಟ್ಟು ಬಿದ್ದಿರಬಹುದು. 25 ಕಿಲೋ ನಾಯಿಗೆ ಸುಮ್ಮನಿದ್ದಾಗಲೇ ದಿನಕ್ಕೆ ಒಂದೂಕಾಲು ಲೀಟರ್ ನೀರು ಬೇಕು. ಹೊಲಕ್ಕೆ ಹೊರಟರೆ ಎರಡು ಲೀಟರ್ ಹೆಚ್ಚುವರಿ ಕಟ್ಟಿಕೊಳ್ಳಿ.

ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದು, ಕಂಕುಳು, ಬಾಲದ ಬುಡ ನೋಡಿ ಉಣ್ಣಿ ಕೀಳಿ. ಉಣ್ಣಿಜ್ವರ ತರುವ ಬೆಬೇಸಿಯ, ಎರ್ಲಿಕಿಯ ನಮ್ಮ ಕಡೆ ಸಾಮಾನ್ಯ. ಊಟ ಬಿಟ್ಟು ಒಸಡು ಬಿಳುಚಿದರೆ, ಮೂತ್ರ ಕಂದಾದರೆ ರಕ್ತಪರೀಕ್ಷೆ ಮಾಡಿಸಿ. ಉಣ್ಣಿಗೆ ಹಚ್ಚುವ ಪೈರೆಥ್ರಾಯ್ಡ್ ಔಷಧ ಮೈಯಲ್ಲಿದ್ದಾಗ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿಪ್ಪುನೇರಳೆ ತೋಟ, ಹುಳುಮನೆ ಹತ್ತಿರ ನಾಯಿ ಸುಳಿಯಬಾರದು, ರೇಷ್ಮೆಹುಳು ಅದಕ್ಕೆ ತಾಳುವುದಿಲ್ಲ. ಟೊಮೆಟೊ ತೋಟಕ್ಕೆ ಔಷಧ ಹೊಡೆದ ವಾರ ನಾಯಿಯನ್ನು ಒಳಬಿಡಬೇಡಿ; ಹೊಕ್ಕಿದ್ದರೆ ಕಾಲು, ಹೊಟ್ಟೆ ತೊಳೆಯಿರಿ, ಅದು ನೆಕ್ಕಿಕೊಂಡೇ ವಿಷ ಒಳಗೆ ಹೋಗುವುದು.

ನೆಗ್ಗಿಲು ಮುಳ್ಳು ಪಾದಕ್ಕೆ ಚುಚ್ಚಿದರೆ ಕುಂಟುವುದು ಕಾಣುತ್ತದೆ. ಸೂಜಿಮೊನೆಯ ಹುಲ್ಲಿನ ಬೀಜ ಕಾಣುವುದಿಲ್ಲ: ಬೆರಳ ಸಂದು ಅಥವಾ ಕಿವಿ ಹೊಕ್ಕು ಒಳಗೇ ಸರಿದು ಕೀವು ಕಟ್ಟುತ್ತದೆ, ತಲೆ ಒಂದೇ ಪಕ್ಕಕ್ಕೆ ವಾಲಿಸುತ್ತಿದ್ದರೆ ಕಿವಿ ನೋಡಿಸಿ. ಮಂಡಲ, ನಾಗರ ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ನಡೆಸದೆ ಎತ್ತಿಕೊಂಡು ವಿಷನಿರೋಧಕ ಇರುವ ಪಶು ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಯಾವ ಆಸ್ಪತ್ರೆಯಲ್ಲಿ ಔಷಧ ಇದೆ ಎಂಬುದನ್ನು ಹೊಲಕ್ಕೆ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಕಾಡುಹಂದಿಗೆ ಇಟ್ಟ ಉರುಳು, ಸಿಡಿಮದ್ದು, ಮುಚ್ಚದೆ ಬಿಟ್ಟ ಕೊಳವೆಬಾವಿ ಇರುವ ಹೊಲಗಳೂ ಇವೆ. ಮಾಲೀಕರನ್ನು ಒಪ್ಪಿಗೆ ಕೇಳುವಾಗಲೇ ಇದನ್ನೂ ಕೇಳಿ, ನಾಯಿ ಬಿಚ್ಚುವ ಮುಂಚೆ ಬದುಗಳ ಸುತ್ತ ಒಂದು ಸುತ್ತು ನಡೆದು ನೋಡಿಬನ್ನಿ.